ಧೈಫುಲ್ಲಾ ಕೇಳಿಸಿಕೊಂಡ ಟೊಳ್ಳು

ರಿಯಾದಿನ ನಮ್ಮ ಓಣಿಯಲ್ಲಿ ಯಾರು ಮನೆ ಕಟ್ಟಿಸಿದರೂ ಮೊದಲು ಧೈಫುಲ್ಲಾನನ್ನು ಕರೆಯುತ್ತಿದ್ದ ಕಾಲವೊಂದಿತ್ತು. ಇಪ್ಪತ್ತು ವರ್ಷ ಬಾವಿ ತೋಡಿದವನು. ಹಾರೆಯಿಂದ ಬಂಡೆಗೆ ನಾಲ್ಕು ಏಟು ಹಾಕಿ, ಸದ್ದು ಕೇಳಿ, ಪಾಯ ಹಾಕಬಹುದೋ ಬೇಡವೋ ಹೇಳುತ್ತಿದ್ದ. ನಮ್ಮ ಸುಣ್ಣಕಲ್ಲನ್ನು ಮೇಲಿನಿಂದ ನೋಡಿ ನಂಬುವಂತಿಲ್ಲ. ಯಾವ ಕಾಲದ್ದೋ ನೀರು ಅದರ ಹೊಟ್ಟೆ ಕೊರೆದು ಗವಿ ಮಾಡಿಟ್ಟಿರುತ್ತದೆ.

ಆಮೇಲೆ ಅವನ ಚಿಕ್ಕಪ್ಪನ ಮಗ ಮಿಶಾರಿ ಕೊರೆಯುವ ಯಂತ್ರ ತಂದ. ಹಿಂದೆ ಮಿಶಾರಿ ಬಾವಿಗೆ ಇಳಿಯುವಾಗ ಮೇಲೆ ಹಗ್ಗ ಹಿಡಿದು ನಿಲ್ಲುತ್ತಿದ್ದವನು ಧೈಫುಲ್ಲಾನೇ. ಈಗ ಮಿಶಾರಿ ನೆಲದೊಳಗಿನ ಕಲ್ಲನ್ನು ಉದ್ದುದ್ದ ತುಂಡುಗಳಾಗಿ ತೆಗೆದು, ಮರದ ಪೆಟ್ಟಿಗೆಯಲ್ಲಿ ಜೋಡಿಸಿ, ಮೊಹರು ಹಾಕಿದ ಕಾಗದ ಕೊಡುತ್ತಿದ್ದ. ಜನ ಅತ್ತ ಹೋದರು. ಧೈಫುಲ್ಲಾನ ಹೊಟ್ಟೆ ಉರಿಯಿತು. ಮಿಶಾರಿ ಮನೆಯ ಕಾಫಿಗೆ ಏಲಕ್ಕಿ ಸಾಲದು ಎಂದ. ಯಂತ್ರ ಓಡುವ ಕಡೆ ಏನಾದರೂ ನೆಪ ಮಾಡಿಕೊಂಡು ದಿನಕ್ಕೆರಡು ಸಲ ಹಾದುಹೋಗುತ್ತಿದ್ದ.

ಶಾಲೆ ಮಾಸ್ತರ ಸುವೈಲಿಮ್‌ನ ನಿವೇಶನದಲ್ಲಿ ಮಿಶಾರಿ ಮೂರು ಕಡೆ ಕೊರೆದು, ಬಂಡೆ ಗಟ್ಟಿಯಿದೆ ಎಂದು ಬರೆದುಕೊಟ್ಟ. ಮರುದಿನ ಮಧ್ಯಾಹ್ನ ಕೆಲಸದವರು ಊಟಕ್ಕೆ ಹೋದಾಗ ಧೈಫುಲ್ಲಾ ಪಾಯದ ಗುಂಡಿಗಿಳಿದು ಹಾರೆ ಕುಟ್ಟಿದ. ಈಶಾನ್ಯದ ಮೂಲೆಯಲ್ಲಿ ಸದ್ದು ಬೇರೆಯಾಯಿತು. ಟೊಳ್ಳು! ಅವನ ಮುಖ ಅರಳಿತು. ಯಾರಿಗೂ ಹೇಳದೆ ಮನೆಗೆ ಬಂದ.

ಎರಡು ದಿನ ತಡೆದುಕೊಂಡು ಹೆಂಡತಿ ಮುಝ್ನಾಳಿಗೆ ಹೇಳಿದ.

"ಗೋಡೆ ಬಿರೀಲಿ. ಆಗ ನೋಡ್ತೀನಿ, ಅವನ ಮೊಹರನ್ನ ಯಾರು ಮೂಸ್ತಾರೆ ಅಂತ."

ಮುಝ್ನಾ ಖರ್ಜೂರದ ತಟ್ಟೆಯನ್ನು ಅವನ ಮುಂದಿನಿಂದ ಎತ್ತಿಕೊಂಡಳು. "ಆ ಗೋಡೆ ಕೆಳಗೆ ಮಾಸ್ತರನ ಐದು ಮಕ್ಕಳು ಮಲಗ್ತಾವೆ. ಅದನ್ನೂ ಕೂತು ನೋಡ್ತೀಯಾ?"

ಮರುದಿನ ಬೆಳಿಗ್ಗೆ ಕಾಂಕ್ರೀಟ್ ಸುರಿಯುವ ಮೊದಲು ಧೈಫುಲ್ಲಾ ಅಲ್ಲಿದ್ದ. ಮಿಶಾರಿಯನ್ನು ಬದಿಗೆ ಕರೆದು ಹೇಳಬಹುದಿತ್ತು. ಎಲ್ಲರೆದುರೇ ಕೂಗಿದ: "ಮಾಸ್ತರೇ, ನಿಮ್ಮ ಮೂಲೆ ಟೊಳ್ಳು! ಇವನ ಯಂತ್ರಕ್ಕೆ ಹಲ್ಲಿದೆ, ಕಿವಿಯಿಲ್ಲ."

ಮಿಶಾರಿ ವಾದಿಸಲಿಲ್ಲ. "ಎಲ್ಲಿ ತೋರಿಸಣ್ಣಾ," ಎಂದು ಯಂತ್ರ ತರಿಸಿ ಅಲ್ಲೇ ಕೊರೆದ. ಎರಡು ಆಳುದ್ದ ಇಳಿದ ಸರಳು ಇದ್ದಕ್ಕಿದ್ದಂತೆ ಒಂದು ಮೊಳ ಕುಸಿಯಿತು. ಕೊರೆಯಲು ಹಾಕಿದ ನೀರೆಲ್ಲ ಕೆಳಗೆ ಮಾಯವಾಯಿತು.

ಧೈಫುಲ್ಲಾ ಮಿಶಾರಿಯ ಮುಖ ಬಾಡುವುದನ್ನು ನೋಡಲು ತಿರುಗಿದ. ಮಿಶಾರಿ ಬಂದು ಅವನ ಹಣೆಗೆ ಮುತ್ತಿಟ್ಟ. "ಕೆಲಸ ಕಲಿಸಿದ್ದೂ ನೀನು, ಇವತ್ತು ಮಾನ ಉಳಿಸಿದ್ದೂ ನೀನು. ಯಾವಾಗ ಗೊತ್ತಾಯ್ತಣ್ಣಾ?"

"ಈಗ... ಬೆಳಿಗ್ಗೆ," ಎಂದ ಧೈಫುಲ್ಲಾ.

ಗವಿಗೆ ಸಿಮೆಂಟಿನ ಹಾಲು ತುಂಬಿ ಮೂಲೆ ಗಟ್ಟಿ ಮಾಡಿದರು. ಮನೆ ಇವತ್ತಿಗೂ ನೆಟ್ಟಗಿದೆ. ಅಂದಿನಿಂದ ಮಿಶಾರಿ ಎಲ್ಲಿ ಕೊರೆದರೂ ಮೊದಲು ಅಣ್ಣನನ್ನು ಕರೆಯುತ್ತಿದ್ದ, ಅಣ್ಣನೂ ಹೋಗುತ್ತಿದ್ದ. ಆದರೆ ಮಿಶಾರಿ ತನ್ನ ತಪ್ಪನ್ನು ಅಷ್ಟು ಸಲೀಸಾಗಿ ಒಪ್ಪಿಕೊಂಡನಲ್ಲ, ಯಂತ್ರಕ್ಕಿಂತ ಅದೇ ಧೈಫುಲ್ಲಾನನ್ನು ಹೆಚ್ಚು ಸುಟ್ಟಿತು.

ಮಾಸ್ತರ ಹೊಸ ಮನೆಯ ಊಟಕ್ಕೆ ಇಬ್ಬರನ್ನೂ ಒಂದೇ ದೊಡ್ಡ ತಟ್ಟೆಗೆ ಕೂರಿಸಿ, ಮುಖ್ಯ ಅತಿಥಿಗೆ ಸಲ್ಲುವ ಕುರಿಯ ನಾಲಿಗೆಯನ್ನು ಇಬ್ಬರಿಗೂ ಹಂಚಿದ. ಧೈಫುಲ್ಲಾ ಹೊಟ್ಟೆತುಂಬ ಉಂಡು ಮನೆಗೆ ಬಂದು, ಚಪ್ಪಲಿ ಬಿಡುತ್ತಲೇ ಮುಝ್ನಾಳಿಗೆ ಹೇಳಿದ: "ಕುರಿಯ ನಾಲಿಗೆ ಮೊದಲು ಅವನಿಗೇ ಕೊಟ್ರು."