ಕದ್ದಾಲಿಸುವ ಮೊಂಜಿಯಾ ಬಾಯಿಬಿಟ್ಟಿದ್ದು

ಟ್ಯೂನಿಸ್ಸಿನ ಹಳೇ ಪೇಟೆಯಲ್ಲಿ ಮೊಂಜಿಯಾ ಎಂದರೆ ಟೆಲಿಫೋನ್ ಬಿಲ್ಲಿನ ಕಚೇರಿಯವಳು ಎಂದೇ ಎಲ್ಲರ ನಂಬಿಕೆ. “ನಮ್ಮ ಬಿಲ್ಲು ಸ್ವಲ್ಪ ಇಳಿಸೇ ಮಾರಾಯ್ತಿ” ಎಂದು ಪಕ್ಕದ ಮನೆಯವರು ಗೇಲಿ ಮಾಡಿದರೆ ಎಡಗೆನ್ನೆಯ ಕಪ್ಪು ಮಚ್ಚೆ ಕುಣಿಯುವಂತೆ ನಕ್ಕುಬಿಡುತ್ತಿದ್ದಳು. ಪಾಪ, ಏನಂತ ಹೇಳಿಯಾಳು? ಏಳು ವರ್ಷದಿಂದ ಅವಳದು ಒಂದೇ ಕೆಲಸ. ಕಿಟಕಿಯಿಲ್ಲದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತು, ಸರ್ಕಾರಕ್ಕೆ ಅನುಮಾನವಿದ್ದವರ ಫೋನ್ ಮಾತನ್ನು ಕದ್ದು ಕೇಳಿ ಬರೆದಿಡುವುದು. ಗಂಡ ಹೆದಿಯನ್ನು ಬಿಟ್ಟರೆ ಇದು ಯಾರಿಗೂ ಗೊತ್ತಿರಲಿಲ್ಲ. ರೈಲ್ವೆ ಕೂಲಿಯಾಗಿದ್ದ ಅಪ್ಪ ಕೂಡ ಮಗಳು ಬಿಲ್ಲು ಬರೆಯುತ್ತಾಳೆಂದು ತಿಳಿದೇ ಕಣ್ಣು ಮುಚ್ಚಿದ.

ಮೂರು ವರ್ಷದಿಂದ ಅವಳ ಪಾಲಿಗೆ ಬಂದಿದ್ದು ದಲಂದಾ ಎಂಬ ಹೊಲಿಗೆಯವಳ ಫೋನು. ದಲಂದಾಳ ತಮ್ಮ ಲುತ್ಫಿ ಫ್ರಾನ್ಸಿನ ಮಾರ್ಸೇಯಲ್ಲಿ ಓದುತ್ತಾ ಸರ್ಕಾರದ ವಿರುದ್ಧ ಕರಪತ್ರ ಹಂಚಿದ್ದ. ಅದಕ್ಕೇ ಈ ಕಾವಲು. ಆದರೆ ಫೋನಿನಲ್ಲಿ ಬರುತ್ತಿದ್ದದ್ದು ರಾಜಕೀಯವೇ? ಮಣ್ಣು! ಅತ್ತೆಯ ಕಾಟ, ಉಪ್ಪು ಹೆಚ್ಚಾದ ಆಲಿವ್, ಮಗು ಇಲ್ಯಾಸನ ಕೆಮ್ಮು. ಕೇಳುತ್ತಾ ಕೇಳುತ್ತಾ ಮೊಂಜಿಯಾಗೆ ಅವಳು ಒಡಹುಟ್ಟಿದವಳಂತಾಗಿಬಿಟ್ಟಳು. ದಲಂದಾಗೋ, ಇಂಥವಳೊಬ್ಬಳು ಇದ್ದಾಳೆಂಬುದೇ ತಿಳಿಯದು.

ಒಂದು ಸೋಮವಾರ ಬೆಳಿಗ್ಗೆ ರೊಟ್ಟಿ ಅಂಗಡಿಯ ಸಾಲಿನಲ್ಲಿ ಮುಂದೆ ನಿಂತಿದ್ದವಳು, “ಎರಡು ಬಿಸೀದು ಕೊಡಣ್ಣಾ” ಎಂದಳು. ಅದೇ ದನಿ! ಕಂಕುಳಲ್ಲಿ ಮಗು. ಮೊಂಜಿಯಾ ಹಿಂದೆಮುಂದೆ ನೋಡದೆ ಕೇಳಿಯೇಬಿಟ್ಟಳು.

“ಇಲ್ಯಾಸ್‌ಗೆ ಕೆಮ್ಮು ಇಳೀತೇನೇ?”

ದಲಂದಾ ಗಕ್ಕನೆ ತಿರುಗಿದಳು. “ನೀವ್ಯಾರಕ್ಕಾ? ಕೆಮ್ಮಿನ ವಿಷ್ಯ ಅಮ್ಮನಿಗೆ ಬಿಟ್ರೆ ಯಾರಿಗೂ ಹೇಳಿಲ್ಲ. ಅದೂ ಫೋನಲ್ಲಿ.”

ಏನಾದರೊಂದು ಸುಳ್ಳು ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ಲುತ್ಫಿ ಗುರುವಾರದ ಹಡಗಿಗೆ ಬರುತ್ತಾನೆ, ಬಂದರಿನಲ್ಲೇ ಹಿಡಿಯಬೇಕು ಎಂಬ ಆದೇಶವನ್ನು ಅವಳೇ ಕಣ್ಣಾರೆ ಓದಿದ್ದಳು. ಒಳಗೆ ಹೋದವರು ಹೇಗೆ ಹೊರಗೆ ಬರುತ್ತಾರೆಂಬುದೂ ಗೊತ್ತಿತ್ತು. ದಲಂದಾಳ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದಳು.

“ನಿನ್ನ ತಮ್ಮ ಗುರುವಾರ ಬರೋದು ಬೇಡ ಕಣೇ. ಬಂದರಲ್ಲಿ ಕಾಯ್ತಿದಾರೆ. ಇವತ್ತೇ ಮಾರ್ಸೇಗೆ ಹೊರಡೋರ ಕೈಲಿ ಹೇಳಿಕಳಿಸು. ಫೋನಲ್ಲಿ ಮಾತ್ರ ಉಸಿರೆತ್ತಬೇಡ.”

ಮನೆಗೆ ಬಂದು ಹೇಳಿದಾಗ ಹೆದಿಯ ಮುಖ ಬಿಳಿಚಿಕೊಂಡಿತು. “ತಲೆ ಕೆಟ್ಟಿದ್ಯಾ ನಿಂಗೆ? ಅನ್ನ ಹಾಕೋ ಸರ್ಕಾರಕ್ಕೇ ದ್ರೋಹ ಮಾಡ್ತೀಯಾ?”

“ದ್ರೋಹ ಏಳು ವರ್ಷದಿಂದ ಮಾಡ್ತಾನೇ ಇದೀನಿ ಕಣ್ರೀ. ಕೂಸಿನ ಕೆಮ್ಮನ್ನೂ ಬಿಡದೆ ಬರೆದುಕೊಟ್ಟೆನಲ್ಲ, ಅದೇನು ನಿಯತ್ತಾ?” ಎಂದಳು. ದೊಡ್ಡ ಮಾತೇನೋ ಆಡಿದಳು. ಆದರೆ ಆ ರಾತ್ರಿ ಬಾಗಿಲ ಚಿಲಕ ಹಾಕಿದೆಯೇ ಎಂದು ಮೂರು ಸಲ ಎದ್ದು ನೋಡಿದಳು.

ಗುರುವಾರ ಪೊಲೀಸರು ಬಂದರಿನಿಂದ ಬರಿಗೈಲಿ ವಾಪಸಾದರು. ಅಲ್ಲಿಂದ ಯಾರಾದರೂ ಬಾಗಿಲು ಬಡಿದರೆ ಮೊಂಜಿಯಾ ಹೆದಿಯನ್ನೇ ಕಳಿಸುತ್ತಿದ್ದಳು. ಶನಿವಾರ ಮೇಲಧಿಕಾರಿ ಮುನ್ಸೆಫ್ ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲೇ ಕೂತು, ಇನ್ನೊಂದು ಹೆಡ್‌ಫೋನ್ ಕಿವಿಗೇರಿಸಿದ. “ಯಾರೋ ಹೇಳಿದ್ದಾರೆ. ನೋಡೋಣ, ಯಾರ ಬಾಯಿಂದ ಬೀಳುತ್ತೆ ಅಂತ.”

ಹನ್ನೊಂದಕ್ಕೆ ಫೋನು ಬಂತು. ಬಿಜೆರ್ತಾ ಎಂಬ ಊರಿನಿಂದ ದಲಂದಾಳ ತಾಯಿ. ಮುದುಕಿಗೆ ಹಿಡಿಸಲಾರದಷ್ಟು ಸಂತೋಷ.

“ಆ ರೊಟ್ಟಿ ಅಂಗಡಿ ಹೆಂಗಸಿಗೆ ದೇವರು ನೂರು ವರ್ಷ ಆಯಸ್ಸು ಕೊಡ್ಲಿ ಕಣೇ! ಅವಳ ಮಕ್ಕಳುಮರಿ ತಣ್ಣಗಿರ್ಲಿ! ಮೊನ್ನೆ ಇಲ್ಲಿಗೆ ಬಂದಾಗ ಎಡಗೆನ್ನೆ ಮೇಲೆ ಕಪ್ಪು ಮಚ್ಚೆ ಇದೆ ಅಂದ್ಯಲ್ಲ, ಆ ಮಚ್ಚೆಗೊಂದು ಮುತ್ತು ಕೊಡ್ಬೇಕು ನಾನು...”

“ಅಮ್ಮಾ! ಬಾಯ್ಮುಚ್ಚು! ಇಡು ಫೋನು!” ದಲಂದಾ ಚೀರಿದಳು. ಫೋನು ಕಟ್ಟಾಯಿತು.

ಮುನ್ಸೆಫ್ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ. ಮೊಂಜಿಯಾಳ ಮುಖ ನೋಡುವ ಆತುರವೇನೂ ಅವನಿಗಿದ್ದಂತೆ ಕಾಣಲಿಲ್ಲ.

“ಬರ್ಕೊಳ್ಳಮ್ಮ. ಒಂದು ಮಾತೂ ಬಿಡಬೇಡ.”

ಅವಳು ಬರೆದಳು. ಆಯಸ್ಸು ಬರೆದಳು, ಮಕ್ಕಳುಮರಿ ಬರೆದಳು. ಮಚ್ಚೆಯ ಹತ್ತಿರ ಪೆನ್ನು ನಿಂತಿತು.

“ಯಾವ ಕೆನ್ನೆ ಅಂದ್ಲು ಮುದುಕಿ?” ಎಂದು ಮುನ್ಸೆಫ್ ಮೆಲ್ಲಗೆ ಕೇಳಿದ.

ಮೊಂಜಿಯಾ ತಲೆಯೆತ್ತಿ ಅವನ ಕಡೆ ತಿರುಗಿದಳು. “ಎಡಗೆನ್ನೆ, ಸಾಹೇಬ್ರೆ” ಎಂದಳು.