ದೊಡ್ಡಪ್ಪನ ಶಕೆ

ದೊಡ್ಡಪ್ಪನ ಬಿಳಿ ಅಂಗಿಯ ಜೇಬಿನ ಕೆಳಗೆ ಸದಾ ಒಂದು ಕೆಂಪು ಕಲೆ. ಸೋರುವ ಬಾಲ್‌ಪೆನ್ನಿನದು. ಆ ಪೆನ್ನು ಹಿಡಿದು ಅವರು ಜೀವಮಾನವಿಡೀ ಮಾಡಿದ ಘನಕಾರ್ಯ ಒಂದೇ: ತಮಿಳು ಸೀಮೆಯಲ್ಲಿದ್ದ ನಮ್ಮ ಕನ್ನಡದ ಮನೆಗೆ ಬಂದ ಪುಸ್ತಕಗಳಲ್ಲೆಲ್ಲ ಇಸವಿಗೆ ಮೊದಲು ಬರುವ ‘ಕಿ.ಪಿ.’ಯನ್ನು, ಅಂದರೆ ತಮಿಳಿನ ‘ಕ್ರಿಸ್ತನ ನಂತರ’ವನ್ನು, ಹೊಡೆದುಹಾಕಿ ಮೇಲೆ ‘ಶಕ’ ಎಂದು ಬರೆಯುವುದು. ಅಂಕಿಯನ್ನು ಮುಟ್ಟುತ್ತಿರಲಿಲ್ಲ. ಶಾಲಿವಾಹನ ಶಕೆ ಬೇಕಾದರೆ ಇಸವಿಯಲ್ಲಿ ಎಪ್ಪತ್ತೆಂಟು ಕಳೆಯಬೇಕೆಂದು ಪಂಚಾಂಗ ಕಂಡವರಿಗೆಲ್ಲ ಗೊತ್ತು. ಅಷ್ಟು ಶ್ರಮ ಅವರಿಗೆ ಬೇಕಿರಲಿಲ್ಲ. ಹೆಸರು ಬದಲಾದರೆ ಸಾಕು, ಧರ್ಮ ಉಳಿಯಿತು.

ನನ್ನ ಕಾಲೇಜು ಪುಸ್ತಕದಲ್ಲಿ ‘ಪೊದು ಆಂಡು’, ಸಾಮಾನ್ಯ ಶಕೆ, ಎಂದು ಅಚ್ಚಾಗಿ ಬಂದಾಗ ಅದನ್ನೂ ಬಿಡಲಿಲ್ಲ. “ಅವ್ನೇ ಇವ್ನು. ವೇಷ ಮಾತ್ರ ಬೇರೆ,” ಎಂದರು. ಕುರಿಚಿಯ ಫೌಂಡ್ರಿಯಲ್ಲಿ ಮೂವತ್ತು ವರ್ಷ ಶಿಫ್ಟ್ ರಿಜಿಸ್ಟರಿಗೆ ಸಹಿ ಹಾಕುವಾಗ ಮಾತ್ರ ಇಂಗ್ಲಿಷ್ ತಾರೀಖು ಅವರ ಧರ್ಮ ಕೆಡಿಸಿರಲಿಲ್ಲ.

ಈ ಶೌರ್ಯಕ್ಕೆ ಬಲಿಯಾದವರು ದೊಡ್ಡಮ್ಮ. ಹುಟ್ಟಿದ್ದು ಮಿಷನ್ ಆಸ್ಪತ್ರೆಯಲ್ಲಿ. ಜಾತಕ ಬರೆಸಿರಲಿಲ್ಲ; ಹುಟ್ಟಿದ ದಿನಕ್ಕಿದ್ದ ಗುರುತೆಂದರೆ ಆಸ್ಪತ್ರೆಯ ಒಂದು ಚೀಟಿ, ಅದರಲ್ಲಿ ಕಿ.ಪಿ. ಇಸವಿ. ವರ್ಷಕ್ಕೊಮ್ಮೆ ಆ ದಿನ ಅವರು ಪಾಯಸ ಮಾಡಿದರೆ, “ಏಸು ಲೆಕ್ಕದ ಹಬ್ಬ ನಮ್ಮನೇಲಿ ಬ್ಯಾಡ,” ಎಂದು ದೊಡ್ಡಪ್ಪ ಎಲೆ ಮುಂದಿನಿಂದ ಎದ್ದುಬಿಡುತ್ತಿದ್ದರು.

“ಅದ್ ನಾನ್ ಹುಟ್ಟಿದ ತೇದಿ ಕಣಮ್ಮ. ತೇದಿಗೂ ಜಾತಿ ಇರ್ತದಾ?” ಎಂದು ದೊಡ್ಡಮ್ಮ ನನ್ನನ್ನು ಕೇಳುತ್ತಿದ್ದರು. ಕೊನೆಯ ಕಾಯಿಲೆಯಲ್ಲಿ ಆ ಚೀಟಿಯನ್ನು ನನ್ನ ಕೈಗಿಟ್ಟರು. “ನನ್ ಸಮಾಧಿ ಕಲ್ಲಲ್ಲಾದ್ರೂ ಹಾಕ್ಸು. ನಾನೂ ಒಂದ್ ದಿನ ಹುಟ್ಟಿದ್ನಲ್ಲಾ.”

ಅವರು ಹೋದ ಮೇಲೆ ಚೀಟಿಯನ್ನು ದೊಡ್ಡಪ್ಪನಿಗೆ ತೋರಿಸಿದೆ. ಕಲ್ಲು ಕೆತ್ತುವವನಿಗೆ ತಾವೇ ಬರೆದುಕೊಡುವುದಾಗಿ ಹೇಳಿದರು.

ಅನ್ನೂರಿನ ತೋಟದಲ್ಲಿ, ದೊಡ್ಡಮ್ಮನನ್ನು ಮಣ್ಣು ಮಾಡಿದಲ್ಲಿ, ಕಲ್ಲು ನಿಲ್ಲಿಸಿದರು. ಕನ್ನಡ ಅಕ್ಷರ, ಕನ್ನಡ ಅಂಕಿ. ಕೆತ್ತಿದ ತಮಿಳಿನವನಿಗೆ ಅದು ಬರೀ ಚಿತ್ರ. ನೆಂಟರೆಲ್ಲ ಮನೆಯಲ್ಲಿ ಕನ್ನಡ ಆಡುವವರೇ, ಓದಲು ಒಬ್ಬರಿಗೂ ಬಾರದು. ಎಲ್ಲರೂ ಭಕ್ತಿಯಿಂದ ಕೈಮುಗಿದರು. ಓದಿದವಳು ನಾನೊಬ್ಬಳು. ಹುಟ್ಟಿದ ದಿನ ಇರಲೇ ಇಲ್ಲ. ಸತ್ತ ವರ್ಷವಿತ್ತು: ‘ಶಕ’ ಎಂದು ಕೆತ್ತಿ, ಪಕ್ಕದಲ್ಲಿ ಗೋಡೆ ಕ್ಯಾಲೆಂಡರಿನ ಅದೇ ಇಸವಿ. ಆ ಲೆಕ್ಕದಲ್ಲಿ ದೊಡ್ಡಮ್ಮ ಸಾಯಲು ಇನ್ನೂ ಎಪ್ಪತ್ತೆಂಟು ವರ್ಷ ಬಾಕಿ.

“ದೊಡ್ಡಪ್ಪಾ, ವರ್ಷ ತಪ್ಪಾಗಿದೆ. ಹುಟ್ಟಿದ ತೇದೀನೂ ಇಲ್ಲ,” ಎಂದೆ.

ಅವರು ಸುತ್ತ ನೋಡಿ ದನಿ ತಗ್ಗಿಸಿದರು. “ಸುಮ್ನಿರಮ್ಮಾ. ಯಾರ್ ಓದ್ತಾರೆ ಇದ್ನ?”

ಆಗ ಅವರ ಮೇಲೆ ಹುಟ್ಟಿದ ಹೇಸಿಗೆ ಇವತ್ತಿಗೂ ಪೂರ್ತಿ ಹೋಗಿಲ್ಲ. ಯಾರೂ ಓದದ ಕಲ್ಲಿಗಾಗಿ ಹೆಂಡತಿಯ ಹುಟ್ಟನ್ನೇ ಹೊಡೆದುಹಾಕಿದ ಮನುಷ್ಯ. ತಾವಿರುವವರೆಗೆ ಆ ಕಲ್ಲನ್ನು ಮುಟ್ಟಲೂ ಬಿಡಲಿಲ್ಲ.

ಹೋದ ವರ್ಷ ಅವರೂ ತೀರಿಕೊಂಡರು. ಅವರ ಕಲ್ಲಿಗೆ ಅವರಿಷ್ಟದ ಶಕೆಯನ್ನೇ ಹಾಕಿಸಿದೆ, ಎಪ್ಪತ್ತೆಂಟು ಕಳೆದು. ದೊಡ್ಡಮ್ಮನ ಹಳೆಯ ಕಲ್ಲು ಕೀಳಿಸಿ ಹೊಸದು ನೆಡಿಸಿದೆ. ಅದರಲ್ಲಿ ಚೀಟಿಯ ತೇದಿ ಇದೆ, ಹಿಂದೆ ಮುಂದೆ ಯಾವ ಶಕೆಯ ಹೆಸರೂ ಇಲ್ಲದೆ. ಕೆಳಗೆ ತಮಿಳಿನಲ್ಲೂ ಇದೆ, ನೆಂಟರು ಓದಲೆಂದು.

ಕೆತ್ತುವವನಿಗೆ ಕನ್ನಡದ ಮಾದರಿಯನ್ನು ಕಾಗದದ ಮೇಲೆ ನಾನೇ ಬರೆದುಕೊಟ್ಟೆ. ಊರಿನಲ್ಲಿ ಯಾವ ಶಾಲೆಯೂ ಕಲಿಸದ ಆ ಅಕ್ಷರಗಳನ್ನು ಐದು ವರ್ಷದ ನನ್ನನ್ನು ಜಗಲಿಯಲ್ಲಿ ಕೂರಿಸಿ, ತಪ್ಪಿದಾಗಲೆಲ್ಲ ಬೆರಳ ಗಿಣ್ಣಿಗೆ ಹೊಡೆದು, ಆ ಸೋರುವ ಕೆಂಪು ಪೆನ್ನಿನಲ್ಲೇ ತಿದ್ದಿಸಿದವರು ದೊಡ್ಡಪ್ಪ.