ಹೊಳೆದಂಡೆಯ ತಂಗಿ

ಮಕ್ಕಳು ಪಾತ್ರ ಹಾಕಿಕೊಂಡು ದಾಳ ಎಸೆದು ಆಡುವ ಆಟಕ್ಕೆ ನೆಟ್‌ನಲ್ಲಿ ಒಂದು ಸಾಹಸಕಥೆ ಸಿಕ್ಕಿತು. ಅದರಲ್ಲಿದ್ದ ಹಿಮನದಿಯನ್ನು ಅಳಿಸಿ, ನಮ್ಮೂರ ಹೊಳೆ ದೂಧಗಂಗೆ ಎಂದು ಬರೆದೆ. ತಕ್ಷಣ ತಂಬಾಕಿನ ಘಾಟು ಮೂಗಿಗೆ ಬಡಿದಂತಾಯಿತು.

ನಮ್ಮೂರು ಸದಲಗಾದ ಮನೆಯಂಗಳದಲ್ಲಿ ತಂಬಾಕಿನ ಎಲೆ ಬಿಡಿಸುತ್ತ ಅಜ್ಜಿಯೂ ಇದನ್ನೇ ಮಾಡುತ್ತಿದ್ದಳು. ಸಂತೆಯಲ್ಲಿ ಕೇಳಿದ ಮರಾಠಿ ಕಥೆಯ ರಾಕ್ಷಸನನ್ನು ತಂದು ನಮ್ಮ ಹೊಳೆಯಲ್ಲಿ ನಿಲ್ಲಿಸಿ, "ಈಗೇನ ಮಾಡ್ತಿ?" ಎಂದು ಮಕ್ಕಳಾದ ನಮ್ಮನ್ನು ಕೇಳುವಳು. ದಾಟುತ್ತೇನೆ ಎಂದವರು ಸೀಳಿದ ಹುಣಸೆ ಬೀಜ ಎಸೆಯಬೇಕು. ಒಂದಾದರೂ ಬೀಜದ ಬಿಳಿ ಮಗ್ಗುಲು ಮೇಲಾದರೆ ಪಾರು. ಒಮ್ಮೆ ಒಂದೂ ಬಿಳಿ ಬೀಳಲಿಲ್ಲ. ನಾನು ಆಡುತ್ತಿದ್ದ ರಾಜಕುಮಾರಿ ಹೊಳೆಯಲ್ಲಿ ಮುಳುಗಿದಳು.

"ಇನ್ನೊಮ್ಮೆ ಒಗಿತೀನಿ ಆಯಿ," ಎಂದು ಅಜ್ಜಿಯ ಮುಂದೆ ಅಳತೊಡಗಿದೆ.

"ಹೊಳಿ ಇನ್ನೊಮ್ಮೆ ಕೇಳಂಗಿಲ್ಲವಾ. ಆಕಿ ತಂಗಿ ದಂಡಿ ಮ್ಯಾಲ ನಿಂತಾಳ ನೋಡು. ಇನ್ನ ನೀನ ಆಕಿ."

ನೆಟ್‌ನಲ್ಲಿ ಸಿಕ್ಕ ಕಥೆಯಲ್ಲಿ ತಂಗಿ ಇರಲಿಲ್ಲ. ದೂಧಗಂಗೆಯ ದಂಡೆಯ ಮೇಲೆ ಒಬ್ಬ ತಂಗಿಯನ್ನು ಬರೆದು ನಿಲ್ಲಿಸಿ, ಮಕ್ಕಳನ್ನು ಆಟಕ್ಕೆ ಕರೆದೆ.